ಈಚಲು ಮರ ಕಡಿದ ವಕೀಲರು



ಭಾನುವಾರ ಬಾಗಿಲು ತೆರೆದು ಮದ್ಯ ಮಾರಿದ ಅಂಗಡಿಯವರನ್ನು ನ್ಯಾಯಾಲಯಕ್ಕೆ ಎಳೆದು ದಂಡ ಹಾಕುತ್ತಿದ್ದ ಕಾಲವೊಂದು ಅಮೆರಿಕದ ಊರುಗಳಲ್ಲಿತ್ತು. ನಮ್ಮ ಸೀಮೆಯಲ್ಲಿ 1939ರಲ್ಲಿ ನಡೆದದ್ದು ಇದಕ್ಕೆ ತಿರುವುಮುರುವು. ಹೆಂಡ ಮಾರುವವರು ಸರ್ಕಾರದ ಗುತ್ತಿಗೆ ಹಿಡಿದು ನೆಮ್ಮದಿಯಾಗಿದ್ದರು. ಹೆಂಡ ಬೇಡವೆಂದವರು ಜೈಲಿಗೆ ಹೋದರು. ಅವರಲ್ಲೊಬ್ಬರು ಎಸ್. ನಿಜಲಿಂಗಪ್ಪನವರು.

ಜಗಳೂರು 1997ರವರೆಗೆ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಆಗ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಈ ನಾಲ್ಕೂ ಕಡೆ ಅವರ ಹೆಸರು ಕೇಳದ ಹಿರಿಯರಿಲ್ಲ. ಆದರೆ ಈಚಲು ಮರದ ಕಥೆ ಮಕ್ಕಳಿಗೆ ಗೊತ್ತಿದೆಯೇ? ಮನೆಯಲ್ಲಿ ಒಮ್ಮೆ ಕೇಳಿ ನೋಡಿ.

ನಿಜಲಿಂಗಪ್ಪನವರು ಹುಟ್ಟಿದ್ದು 1902ರ ಡಿಸೆಂಬರ್ 10ರಂದು, ಹರಪನಹಳ್ಳಿ ತಾಲ್ಲೂಕಿನ ಹಲವಾಗಲಿನಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ, ಪುಣೆಯಲ್ಲಿ ಕಾನೂನು ಓದಿ ಚಿತ್ರದುರ್ಗದಲ್ಲಿ ವಕೀಲರಾದರು.

ಆ ಕಾಲದಲ್ಲಿ ಈಚಲು ಮರ ಸರ್ಕಾರದ ಸ್ವತ್ತು. ಅದರಿಂದ ಇಳಿಸಿದ ಹೆಂಡದಿಂದ ಬೊಕ್ಕಸಕ್ಕೆ ಹಣ ಬರುತ್ತಿತ್ತು. ಕೂಲಿಯವನ ದಿನದ ದುಡಿಮೆ ಹೆಂಡದಂಗಡಿಗೆ ಹೋದರೆ ಒಲೆಯ ಮೇಲೆ ಏನಿರುತ್ತದೆಂದು ನಮ್ಮ ತಾಯಂದಿರಿಗೆ ಹೇಳಬೇಕಾಗಿಲ್ಲ. ಚಿತ್ರದುರ್ಗ ತಾಲ್ಲೂಕಿನ ತುರುವನೂರಿನಲ್ಲಿ ಕಾಂಗ್ರೆಸ್ಸಿನವರು ಕೊಡಲಿ ಹಿಡಿದು ಈಚಲು ಮರಗಳನ್ನು ಕಡಿದರು. ಅರಣ್ಯ ಕಾನೂನಿನ ಪ್ರಕಾರ ಅದು ಅಪರಾಧ. ನಿಜಲಿಂಗಪ್ಪನವರಿಗೂ ಸೆರೆವಾಸವಾಯಿತು.

ವಕೀಲರಾದವರಿಗೆ ಇದು ಸಣ್ಣ ಮಾತಲ್ಲ. ಚಳವಳಿಗೆ ಇಳಿದ ವಕೀಲರ ಸನ್ನದಿನ ಮೇಲೆ ಮೈಸೂರು ಹೈಕೋರ್ಟಿನ ಕಣ್ಣಿತ್ತು. 1940ರಲ್ಲಿ ಎಚ್.ಸಿ. ದಾಸಪ್ಪನವರು ಸನ್ನದು ಕಳೆದುಕೊಂಡಾಗ ಗಾಂಧೀಜಿಯವರೇ ತಮ್ಮ ‘ಹರಿಜನ’ ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದರು. ಕರಿಕೋಟು ಹೋದರೆ ಹೆಂಡತಿ ಮಕ್ಕಳ ಅನ್ನವೂ ಹೋದಂತೆ. ಅದನ್ನು ತಿಳಿದೇ ಇವರು ಕಟಕಟೆಯಲ್ಲಿ ನಿಂತರು.

ಮುಂದಿನದನ್ನು ಶಾಲೆಯ ಪುಸ್ತಕಗಳು ಹೇಳುತ್ತವೆ. 1956ರ ನವೆಂಬರ್ 1ರಂದು ಒಂದಾದ ಮೈಸೂರು ರಾಜ್ಯಕ್ಕೆ ಅವರೇ ಮೊದಲ ಮುಖ್ಯಮಂತ್ರಿ. 1962ರಲ್ಲಿ ಮತ್ತೆ ಆ ಪದವಿಗೆ ಬಂದರು.

ಪುಸ್ತಕಗಳು ಅಷ್ಟಾಗಿ ಹೇಳದ ಸಂಗತಿಯೊಂದಿದೆ. ಅದನ್ನು ಬಿಟ್ಟು ಅವರ ಜೀವನ ಬರೆದರೆ ಅರ್ಧ ಬರೆದಂತೆ. ಅವರು ಮುಖ್ಯಮಂತ್ರಿಯಾಗಿದ್ದಾಗಲೇ ರಾಜ್ಯದಲ್ಲಿ ಪಾನನಿಷೇಧ ತೆರವಾಯಿತು. 1965ರ ಅಬಕಾರಿ ಕಾಯ್ದೆ 1967ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ನಿಷೇಧದಿಂದ ಕಳ್ಳಭಟ್ಟಿ ಹೆಚ್ಚುತ್ತದೆ, ಬೊಕ್ಕಸ ಬರಿದಾಗುತ್ತದೆ ಎಂಬ ವಾದ ಆಗ ದೇಶದ ಹಲವು ಕಡೆ ಕೇಳುತ್ತಿತ್ತು. ತುರುವನೂರಿನಲ್ಲಿ ಅವರು ಯಾವ ಆದಾಯದ ಬೇರಿಗೆ ಕೊಡಲಿ ಹಾಕಿದ್ದರೋ ಅದೇ ಆದಾಯ ಅವರದೇ ಸರ್ಕಾರದ ಲೆಕ್ಕಕ್ಕೆ ಬಂತು. ಕೊಡಲಿ ಹಿಡಿದಾಗ ಅವರಿಗೆ ಮೂವತ್ತಾರು ವರ್ಷ, ಈಗ ಅರವತ್ತನಾಲ್ಕು. ಅವರನ್ನು ಕಪಟಿ ಎನ್ನಲು ನನಗೆ ಮನಸ್ಸು ಬಾರದು. ಆದರೆ ತುರುವನೂರಿನ ಹೆಣ್ಣುಮಕ್ಕಳು ಆ ಸುದ್ದಿಯನ್ನು ಹೇಗೆ ಕೇಳಿರಬಹುದು ಎಂದು ಯೋಚಿಸದೆ ಇರಲೂ ಆಗದು.

2000ದ ಆಗಸ್ಟ್ 8ರಂದು, 97ನೇ ವಯಸ್ಸಿನಲ್ಲಿ ಅವರು ಚಿತ್ರದುರ್ಗದಲ್ಲಿ ತೀರಿಕೊಂಡರು. ಊರ ಹೊರಗೆ, ಹೆದ್ದಾರಿ ಪಕ್ಕದ ಸೀಬಾರದಲ್ಲಿ ಅವರ ಸ್ಮಾರಕವಿದೆ.