ಉಳಿಸಿದವರೇ ಎಳೆದ ಗೆರೆ

1899ರ ಡಿಸೆಂಬರ್ 26. ಇಂಗ್ಲೆಂಡಿನ ಆಕ್ಸ್‌ಫರ್ಡ್ ಬಳಿಯ ಹೆಡಿಂಗ್ಟನ್‌ನಲ್ಲಿ ಹಿಮಗಟ್ಟುವ ಚಳಿಯಿಂದ ಕಟ್ಟಡದ ಕೆಲಸಗಳು ನಿಂತುಹೋಗಿದ್ದವು. ಕೂಲಿಯಿಲ್ಲದ ಕೆಲವರು ಬಿಳಿಯ ಉಡುಪು ತೊಟ್ಟು, ಮೊಣಕಾಲ ಕೆಳಗೆ ಗೆಜ್ಜೆ ಕಟ್ಟಿ, ಮನೆಗಳ ಮುಂದೆ ಕುಣಿದು ನಾಲ್ಕು ಕಾಸು ಗಳಿಸಲು ಹೊರಟಿದ್ದರು. ಮಾರಿಸ್ ಎಂಬ ಆ ಕುಣಿತಕ್ಕೆ ಅದು ಕಾಲವಲ್ಲ. ಈಸ್ಟರ್ ಕಳೆದು ಏಳು ವಾರಕ್ಕೆ ಬರುವ ವಿಟ್ಸನ್ ಹಬ್ಬದಲ್ಲಿ ಅದನ್ನು ಕುಣಿಯುವುದು ವಾಡಿಕೆ. ಹಸಿವು ಪಂಚಾಂಗ ನೋಡುವುದಿಲ್ಲ. ಅತ್ತೆಯ ಮನೆಗೆ ಬಂದಿದ್ದ ನಲವತ್ತರ ಹರೆಯದ ಸಂಗೀತ ಅಧ್ಯಾಪಕರೊಬ್ಬರು ಆ ಕುಣಿತವನ್ನು ಕಂಡರು. ತಂಡದ ಕಾನ್ಸರ್ಟಿನಾ ವಾದಕ, ಗಾರೆ ಕೆಲಸದ ವಿಲಿಯಂ ಕಿಂಬರ್ ಅವರನ್ನು ಮರುದಿನ ಕರೆಸಿ ಐದು ಮಟ್ಟುಗಳನ್ನು ಬರೆದುಕೊಂಡರು. ಅವರೇ ಸೆಸಿಲ್ ಶಾರ್ಪ್.

1859ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಶಾರ್ಪ್ ಕೇಂಬ್ರಿಜ್‌ನಲ್ಲಿ ಗಣಿತ ಓದಿದರು. 1882ರಿಂದ ಹತ್ತು ವರ್ಷ ಆಸ್ಟ್ರೇಲಿಯಾದ ಅಡಿಲೇಡಿನಲ್ಲಿದ್ದು ಮರಳಿದರು. 1903ರಲ್ಲಿ ಸಾಮರ್ಸೆಟ್‌ನ ತೋಟದ ಮಾಲಿಯೊಬ್ಬರ ಬಾಯಲ್ಲಿ ಹಳೆಯ ಹಾಡೊಂದನ್ನು ಕೇಳಿದ ಮೇಲೆ ಹಳ್ಳಿಹಳ್ಳಿ ಸುತ್ತಿ ಹಾಡು ಸಂಗ್ರಹಿಸುವುದೇ ಅವರ ಬದುಕಾಯಿತು. ಕುಣಿತದ ಐದು ಮಟ್ಟುಗಳು ಮಾತ್ರ ಕೆಲ ವರ್ಷ ಕಡತದಲ್ಲೇ ಉಳಿದವು.

ಅವಕ್ಕೆ ಜೀವ ಬಂದುದು ಮೇರಿ ನೀಲ್ ಎಂಬ ಸಮಾಜಸೇವಕಿಯಿಂದ. ಲಂಡನ್ನಿನ ಬಡ ಹೊಲಿಗೆಯ ಹುಡುಗಿಯರಿಗಾಗಿ ಎಸ್ಪರಾನ್ಸ್ ಕ್ಲಬ್ ನಡೆಸುತ್ತಿದ್ದ ಅವರು, 1905ರಲ್ಲಿ ಕಿಂಬರ್ ಅವರನ್ನೇ ರಾಜಧಾನಿಗೆ ಕರೆಸಿ ಕುಣಿತ ಕಲಿಸಿದರು. ಕಲಿತ ಹುಡುಗಿಯರು ಊರೂರಿಗೆ ಹೋಗಿ ಕಲಿಸಿದರು. 1907ರಲ್ಲಿ ಶಾರ್ಪ್ ಅವರ ಮಾರಿಸ್ ಗ್ರಂಥದ ಮೊದಲ ಭಾಗ ಹೊರಬಂದಿತು.

ವಿರಸ ಬೇಗನೆ ಮೂಡಿತು. ಕುಣಿತ ಸಂತೋಷದಿಂದ ಒಬ್ಬರಿಂದೊಬ್ಬರಿಗೆ ದಾಟಬೇಕೆಂಬುದು ನೀಲ್ ಅವರ ನಿಲುವು; ಹೆಜ್ಜೆ ಕಿಂಚಿತ್ತೂ ಕೆಡಬಾರದು, ಕಲಿಸುವವರಿಗೆ ಶಾಸ್ತ್ರೀಯ ಶಿಕ್ಷಣವಿರಬೇಕೆಂಬುದು ಶಾರ್ಪ್ ಅವರ ಪಟ್ಟು. 1911ರಲ್ಲಿ ಶಾರ್ಪ್ ಇಂಗ್ಲಿಷ್ ಜನಪದ ನೃತ್ಯ ಸಂಘವನ್ನು ಸ್ಥಾಪಿಸಿದರು. ಮಹಾಯುದ್ಧ ಬಂದಾಗ ನೀಲ್ ಅವರ ನೃತ್ಯಕಾರ್ಯ ನಿಂತಿತು. ಗೆದ್ದವರು ಶಾರ್ಪ್.

ಆ ಪಟ್ಟಿನಿಂದ ಆದ ಲಾಭ ಸಣ್ಣದಲ್ಲ. ಕಾಟ್ಸ್‌ವಲ್ಡ್ ಸೀಮೆಯ ಮಾರಿಸ್ ಎಂದರೆ ಸಾಮಾನ್ಯವಾಗಿ ಆರು ಜನರ ಎರಡು ಸಾಲು, ಕೈಯಲ್ಲಿ ಕರವಸ್ತ್ರ ಅಥವಾ ಕೋಲು. ಆದರೆ ಊರು ಬದಲಾದರೆ ಹೆಜ್ಜೆ ಬದಲು, ಕೈಬೀಸು ಬದಲು. ಬ್ಯಾಂಪ್ಟನ್‌ನವರದು ಕರವಸ್ತ್ರದ ಕುಣಿತ, ಕೋಲಿಲ್ಲ. ಆ್ಯಡರ್‌ಬರಿಯವರು ಕೋಲಿನ ಕುಣಿತಕ್ಕೆ ಮೊದಲು ಹಾಡುತ್ತಾರೆ. ಕುಣಿತ ನಿಂತುಹೋದ ಊರುಗಳಲ್ಲಿ ಶಾರ್ಪ್ ಮುದುಕರ ಎದುರು ಕುಳಿತು, ಅವರ ನಡುಗುವ ಕಾಲುಗಳಿಂದ ಹೆಜ್ಜೆಗಳನ್ನು ಹೆಕ್ಕಿದರು. ಉತ್ತರದ ಗಣಿ ಕಾರ್ಮಿಕರ ಕತ್ತಿಕುಣಿತಗಳನ್ನೂ ದಾಖಲಿಸಿದರು. ಉಬ್ಬಸದಿಂದ ನರಳುತ್ತಿದ್ದ ವ್ಯಕ್ತಿ ಮಾಡಿದ ಕೆಲಸವಿದು.

ಆದರೆ ನನ್ನನ್ನು ಕಾಡುವುದು ಅವರು ಕೈಬಿಟ್ಟದ್ದು. ಲ್ಯಾಂಕಾಶೈರ್, ಚೆಷೈರ್‌ಗಳ ಹತ್ತಿ ಗಿರಣಿಯ ಪಟ್ಟಣಗಳಲ್ಲಿ ಮಾರಿಸ್ ಎಂದರೆ ಬೀದಿಯುದ್ದಕ್ಕೂ ಸಾಗುವ ಮೆರವಣಿಗೆ. ಕಾಲಿಗೆ ಕ್ಲಾಗ್, ಅಂದರೆ ಮರದ ಅಟ್ಟೆಗೆ ಕಬ್ಬಿಣದ ಪಟ್ಟಿ ಹೊಡೆದ ಕಾರ್ಮಿಕರ ಪಾದರಕ್ಷೆ. ಅದೇ ಪಾದರಕ್ಷೆಯಲ್ಲಿ ನೆಲವನ್ನೇ ತಾಳವಾದ್ಯವಾಗಿಸುವ ಕ್ಲಾಗ್ ನೃತ್ಯ ರಂಜನೆಯ ರಂಗಮಂದಿರಗಳಿಗೂ ಏರಿತ್ತು. ಶಾರ್ಪ್ ಕಿಂಬರ್ ಅವರನ್ನು ಕಂಡ 1899ರಲ್ಲೇ ಲ್ಯಾಂಕಾಶೈರ್ ಹುಡುಗರ ಕ್ಲಾಗ್ ತಂಡವೊಂದರಲ್ಲಿ ಲಂಡನ್ನಿನ ಬಡ ಬಾಲಕನೊಬ್ಬ ಕುಣಿಯುತ್ತಿದ್ದ. ಆತ ಚಾರ್ಲಿ ಚಾಪ್ಲಿನ್. ಈ ಲೋಕಕ್ಕೆ ಶಾರ್ಪ್ ಅವರ ಸಂಗ್ರಹದಲ್ಲಿ ದೊರೆತ ಜಾಗ ತೀರ ಕಿರಿದು. ನಿಜವಾದ ಜನಪದ ಹಳ್ಳಿಯದು, ಪುರಾತನವಾದದ್ದು ಎಂದು ಅವರು ನಂಬಿದ್ದರು. ಮಾರಿಸ್ ಕ್ರೈಸ್ತಪೂರ್ವ ಆಚರಣೆಯ ಉಳಿಕೆ ಎಂಬ ಅವರ ವಾದವನ್ನು ಇಂದಿನ ವಿದ್ವಾಂಸರು ಒಪ್ಪುವುದಿಲ್ಲ. ಇಂಗ್ಲೆಂಡಿನಲ್ಲಿ ಅದರ ಮೊದಲ ದಾಖಲೆ 1448ರಲ್ಲಿ ಲಂಡನ್ನಿನ ಅಕ್ಕಸಾಲಿಗರ ಸಂಘವು ಕುಣಿತಗಾರರಿಗೆ ಕೊಟ್ಟ ಏಳು ಶಿಲಿಂಗಿನ ಲೆಕ್ಕ. ಹೆಡಿಂಗ್ಟನ್ನಿನ ಕೂಲಿಕಾರರಂತೆ ಅವರೂ ಹಣಕ್ಕೇ ಕುಣಿದಿದ್ದರು!

ಬದುಕು ಶಾರ್ಪ್ ಅವರಿಗೆ ಕರುಣೆ ತೋರಲಿಲ್ಲ. ಅವರ ಪ್ರದರ್ಶನ ತಂಡದ ನಾಲ್ವರು ಯುವಕರು, ಸಂಗೀತ ರಚನಕಾರ ಜಾರ್ಜ್ ಬಟರ್‌ವರ್ತ್ ಸೇರಿ, 1916ರ ಒಂದೇ ವರ್ಷದಲ್ಲಿ ಯುದ್ಧಕ್ಕೆ ಬಲಿಯಾದರು. ಆ ವರ್ಷದಿಂದ 1918ರವರೆಗೆ ಶಾರ್ಪ್, ಸಹಾಯಕಿ ಮೌಡ್ ಕಾರ್ಪಲೀಸ್ ಅವರೊಂದಿಗೆ ಅಮೆರಿಕದ ಅಪಲೇಚಿಯನ್ ಬೆಟ್ಟಗಳಲ್ಲಿ ಅಲೆದು, ಅಲ್ಲಿ ನೆಲೆಸಿದವರ ಬಾಯಲ್ಲಿ ಉಳಿದಿದ್ದ ಹಾಡುಗಳನ್ನು ಬರೆದುಕೊಂಡರು. 1924ರ ಜೂನ್ 23ರಂದು ತೀರಿಕೊಂಡರು. 1930ರಲ್ಲಿ ಅವರ ಹೆಸರಿನ ಭವನ ಲಂಡನ್ನಿನಲ್ಲಿ ತೆರೆಯಿತು. ಅದೇ ವರ್ಷ ಲ್ಯಾಂಕಾಶೈರ್ ಮಾರಿಸ್ ಕುರಿತ ಪುಸ್ತಕ ಬಂತು. ಬರೆದವರು ಅದೇ ಕಾರ್ಪಲೀಸ್. ಗುರು ಬಿಟ್ಟಿದ್ದ ಜಾಗವನ್ನು ಶಿಷ್ಯೆ ತುಂಬಲು ತೊಡಗಿದ್ದರು.

ಶಾರ್ಪ್ ಅವರನ್ನು ಬರಿದೇ ಪೂಜಿಸುವುದಾಗಲಿ, ಬಡವರ ಸ್ವತ್ತು ದೋಚಿದ ಮಧ್ಯಮವರ್ಗದ ಯಜಮಾನರೆಂದು ತಳ್ಳಿಹಾಕುವುದಾಗಲಿ ನನಗೆ ಒಪ್ಪಿಗೆಯಿಲ್ಲ. ಅವರು ಬರೆದಿಡದಿದ್ದರೆ ಹಲವು ಊರುಗಳ ಹೆಜ್ಜೆಗಳು ಮುದುಕರೊಂದಿಗೇ ಮಣ್ಣಾಗುತ್ತಿದ್ದವು. ಆದರೆ ದಾಖಲಿಸುವವನ ಲೇಖನಿ ತನಗರಿವಿಲ್ಲದೆಯೇ ನ್ಯಾಯಾಧೀಶನ ಲೇಖನಿಯೂ ಆಗಿಬಿಡುತ್ತದೆ: ಬರೆದದ್ದು ಪರಂಪರೆ, ಬಿಟ್ಟದ್ದು ಬರಿಯ ಗದ್ದಲ. ಪುಸ್ತಕ ಸೇರದ ಹೆಜ್ಜೆಯನ್ನು ಜನ ತಮ್ಮ ಕಾಲಿನಲ್ಲಿ ಕಾಪಾಡಿಕೊಂಡರಷ್ಟೇ ಅದಕ್ಕೆ ಉಳಿಗಾಲ. ಇಂಗ್ಲೆಂಡಿನ ಜನ ಕಾಪಾಡಿಕೊಂಡರು. 1975ರಲ್ಲಿ ಮಹಿಳೆಯರು ತಮ್ಮದೇ ಮಾರಿಸ್ ಒಕ್ಕೂಟ ಕಟ್ಟಿದರು. ಗಿರಣಿಗಳು ಮುಚ್ಚಿದರೂ ಉತ್ತರದ ಬೀದಿಗಳಲ್ಲಿ ಮರದ ಅಟ್ಟೆಯ ಸದ್ದು ಇಂದಿಗೂ ನಿಂತಿಲ್ಲ.