ಆಯ್ಲರನ ಚೌಕಗಳು

ದಿನಪತ್ರಿಕೆಯ ಸುಡೊಕು ಚೌಕವನ್ನು ತುಂಬುವವರು, ತಿಳಿದೋ ತಿಳಿಯದೆಯೋ, ಅಂಧನೊಬ್ಬನು ಹೆಸರಿಟ್ಟು ಬೆಳೆಸಿದ ಚೌಕದೊಳಗೆ ಆಡುತ್ತಿರುತ್ತಾರೆ. ಆತನೇ ಲಿಯೊನಾರ್ಡ್ ಆಯ್ಲರ್.

ಆಯ್ಲರನು 1707ರ ಏಪ್ರಿಲ್ 15ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಜನಿಸಿದನು. ತಂದೆ ಪಾದ್ರಿ, ಮಗನೂ ಪಾದ್ರಿಯಾಗಲೆಂದು ಆತನ ಬಯಕೆ. ಗಣಿತಾಚಾರ್ಯ ಯೋಹಾನ್ ಬರ್ನೂಲಿಯು ಹುಡುಗನ ಪ್ರತಿಭೆಯನ್ನು ಕಂಡು ತಂದೆಯ ಮನಸ್ಸನ್ನು ತಿರುಗಿಸಿದನು. ಆಯ್ಲರನು 1727ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ಅಕಾಡೆಮಿಯನ್ನು ಸೇರಿ, 1741ರಿಂದ ಇಪ್ಪತ್ತೈದು ವರ್ಷ ಬರ್ಲಿನ್ನಿನಲ್ಲಿದ್ದು, 1766ರಲ್ಲಿ ರಷ್ಯಕ್ಕೆ ಮರಳಿದನು.

ಬಲಗಣ್ಣು ಯೌವನದಲ್ಲಿಯೇ ಹೋಗಿತ್ತು. ಎಡಗಣ್ಣಿಗೂ ಪೊರೆ ಬಂದು, 1771ರ ಶಸ್ತ್ರಚಿಕಿತ್ಸೆಯು ಕೊನೆಗೂ ಫಲಿಸದೆ, ಕತ್ತಲೆಯೇ ಪಾಲಿಗೆ ಉಳಿಯಿತು. ಅದೇ ವರ್ಷ ಮನೆ ಬೆಂಕಿಗೆ ಆಹುತಿಯಾಯಿತು. 1773ರಲ್ಲಿ ಪತ್ನಿ ತೀರಿಕೊಂಡಳು. ಆದರೂ ಕೆಲಸ ನಿಲ್ಲಲಿಲ್ಲ. ಆತನು ಹೇಳುತ್ತಿದ್ದನು, ಮಕ್ಕಳೂ ಶಿಷ್ಯರೂ ಬರೆದುಕೊಳ್ಳುತ್ತಿದ್ದರು.

ಆ ಕತ್ತಲೆಯಲ್ಲಿ ಆತನ ಮನಸ್ಸನ್ನು ಸೆಳೆದವುಗಳಲ್ಲಿ ಚೌಕಗಳೂ ಒಂದು. ಪ್ರತಿ ಅಡ್ಡಸಾಲಿನಲ್ಲಿಯೂ ಪ್ರತಿ ಕಂಬಸಾಲಿನಲ್ಲಿಯೂ ಒಂದೊಂದು ಅಕ್ಷರವು ಒಮ್ಮೆ ಮಾತ್ರ ಬರುವ ಚೌಕ. ಲ್ಯಾಟಿನ್ ಅಕ್ಷರಗಳಿಂದ ಅದಕ್ಕೆ ಲ್ಯಾಟಿನ್ ಚೌಕವೆಂಬ ಹೆಸರು. ಒಂಬತ್ತರ ಲ್ಯಾಟಿನ್ ಚೌಕಕ್ಕೆ ಒಳಚೌಕಗಳ ನಿಯಮವೊಂದನ್ನು ಸೇರಿಸಿದರೆ ಸುಡೊಕು ಆಗುತ್ತದೆ. ಆಯ್ಲರನು ಸೇರಿಸಿದ ನಿಯಮ ಬೇರೆ: ಎರಡು ಚೌಕಗಳನ್ನು ಒಂದರ ಮೇಲೊಂದಿಟ್ಟಾಗ ಯಾವ ಜೋಡಿಯೂ ಮರುಕಳಿಸಬಾರದು. ಮೂರರ ಚೌಕದಲ್ಲಿ ಇದು ಸುಲಭ. ಮೊದಲ ಸಾಲು ಅ1, ಆ2, ಇ3. ಎರಡನೆಯದು ಆ3, ಇ1, ಅ2. ಮೂರನೆಯದು ಇ2, ಅ3, ಆ1. ಒಂಬತ್ತು ಜೋಡಿಗಳೂ ಬೇರೆ ಬೇರೆ.

ಆರರ ಚೌಕದಲ್ಲಿ ಹಾಗಲ್ಲ. 1779ರಲ್ಲಿ ಆತನು ಅಕಾಡೆಮಿಯ ಮುಂದಿಟ್ಟ ಪ್ರಶ್ನೆಯಿದು: ಆರು ದಳಗಳಿಂದ ಆರಾರು ದರ್ಜೆಗಳ 36 ಮಂದಿ ಸೇನಾಧಿಕಾರಿಗಳನ್ನು, ಯಾವ ಸಾಲಿನಲ್ಲಿಯೂ ದಳವಾಗಲಿ ದರ್ಜೆಯಾಗಲಿ ಎರಡು ಸಲ ಬಾರದಂತೆ, ಚೌಕವಾಗಿ ನಿಲ್ಲಿಸಬಹುದೇ? ಎಷ್ಟು ಯತ್ನಿಸಿದರೂ ಆಗಲಿಲ್ಲ. ಆಗದೆಂದೇ ಆತನು ನಂಬಿದನು. 10, 14, 18 ಮುಂತಾದ ಚೌಕಗಳಿಗೂ ಅದೇ ಗತಿಯೆಂದು ಊಹಿಸಿದನು. ಆದರೆ ಪೂರ್ಣ ಸಾಧನೆ ತನಗೆ ದೊರೆತಿಲ್ಲವೆಂಬುದನ್ನು ಮರೆಮಾಚಲಿಲ್ಲ. ಪ್ರಬಂಧವು 1782ರಲ್ಲಿ ಅಚ್ಚಾಯಿತು. ಮರುವರ್ಷ ಸೆಪ್ಟೆಂಬರ್ 18ರಂದು ಆಯ್ಲರನು ಕಾಲವಾದನು.

ಆರರ ಮಾತು ನಿಜವೆಂದು 1900ರ ಸುಮಾರಿಗೆ ಫ್ರಾನ್ಸಿನ ತಾರಿ ಎಂಬಾತನು, ಸಾಧ್ಯತೆಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿ, ತೋರಿಸಿದನು. ಉಳಿದ ಊಹೆ ಬಿದ್ದುದು 1959ರಲ್ಲಿ. ನಮ್ಮ ದೇಶದಲ್ಲಿ ಜನಿಸಿ ಅಮೆರಿಕದಲ್ಲಿ ಸಂಶೋಧನೆ ನಡೆಸುತ್ತಿದ್ದ ಆರ್. ಸಿ. ಬೋಸ್ ಮತ್ತು ಎಸ್. ಎಸ್. ಶ್ರೀಖಂಡೆಯವರು 22ರ ಚೌಕವನ್ನು ಕಟ್ಟಿದರು. ಪಾರ್ಕರ್ ಎಂಬವರು 10ರದನ್ನು ಕಟ್ಟಿದರು. 2 ಮತ್ತು 6ನ್ನು ಬಿಟ್ಟರೆ ಮಿಕ್ಕೆಲ್ಲ ಚೌಕಗಳೂ ಸಾಧ್ಯವೆಂದು ಮೂವರೂ ಕೂಡಿ ಸಿದ್ಧಪಡಿಸಿದರು.

ಮಹಾಪುರುಷನ ತಪ್ಪೆಂದು ಇದನ್ನು ಎಣಿಸುವವರುಂಟು. ಆದರೆ ಕಂಡಷ್ಟನ್ನು ಹೇಳಿ, ಕಾಣದಲ್ಲಿ ಕಾಣೆನೆಂದು ಒಪ್ಪಿ, ಆತನು ಬಾಗಿಲನ್ನು ತೆರೆದೇ ಇಟ್ಟು ಹೋದನು. ಹಿಂದೆ ಬಂದವರು ಅದೇ ಬಾಗಿಲಿನಿಂದ ಒಳಹೊಕ್ಕರು.