ಬಳೆಗಾರರ ಮನೆಯ ಕವಿಚಕ್ರವರ್ತಿ ರನ್ನ

ಬಾಗಲಕೋಟೆ ಜಿಲ್ಲೆಯ ಜೈನ ಪರಂಪರೆ ಎಂದರೆ ಬಾದಾಮಿಯ ನಾಲ್ಕನೆಯ ಗುಹೆ ಮತ್ತು ಹುನಗುಂದ ಸೀಮೆಯ ಐಹೊಳೆಯಲ್ಲಿ ಕ್ರಿ.ಶ. 634ರಲ್ಲಿ ರವಿಕೀರ್ತಿ ಕಟ್ಟಿಸಿದ ಮೇಗುಟಿ ಜಿನಾಲಯ ನೆನಪಿಗೆ ಬರುತ್ತವೆ. ಅಲ್ಲಿಂದ ಮೂರು ಶತಮಾನ ಕಳೆದ ಮೇಲೆ, 949ರಲ್ಲಿ, ಮುದುವೊಳಲಿನಲ್ಲಿ ರನ್ನ ಜನಿಸಿದನು. ಅದೇ ಇಂದಿನ ಮುಧೋಳ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಬಳೆಗಾರರ ಕುಲ.

ಬಳೆ ಮಾರಿ ಬದುಕುವವರ ಮನೆಯಲ್ಲಿ ಓದಿಗೆಂದು ತೆಗೆದಿಡುವ ಹಣ ಎಲ್ಲಿಯದು? ಮಗ ದೊಡ್ಡವನಾದರೆ ಕಸುಬಿಗೆ ಇನ್ನೊಂದು ಕೈ ಸಿಕ್ಕಿತು ಎನ್ನುವುದೇ ಅಂಥ ಮನೆಗಳ ಲೆಕ್ಕ. ಇಳಕಲ್ಲಿನ, ಬಾಗಲಕೋಟೆಯ ಪೇಟೆಗಳಲ್ಲಿ ಈ ಲೆಕ್ಕ ಇಂದಿಗೂ ಹೊಸದಲ್ಲ. ಇಂದು ಬಡತನಕ್ಕಿಂತ ತುಂಬಿದ ಅಂಗಡಿಯೇ ಮಗನ ಓದನ್ನು ನಿಲ್ಲಿಸುವುದು ಹೆಚ್ಚು, ಅಷ್ಟೇ ವ್ಯತ್ಯಾಸ.

ರನ್ನ ಕಸುಬು ಬಿಟ್ಟು ವಿದ್ಯೆ ಅರಸಿ ಹೊರಟನು. ಅವನಿಗೆ ಗುರುವಾದವರು ಅಜಿತಸೇನಾಚಾರ್ಯರು. ಗಂಗರ ದೊರೆ ಮಾರಸಿಂಹ ಬಂಕಾಪುರದಲ್ಲಿ ಸಲ್ಲೇಖನ ಕೈಗೊಂಡದ್ದು ಇವರ ಸನ್ನಿಧಿಯಲ್ಲೇ. ಗೊಮ್ಮಟನನ್ನು ನಿಲ್ಲಿಸಿದ ಮಂತ್ರಿ ಚಾವುಂಡರಾಯನೂ ಇವರ ಶಿಷ್ಯ. ಬಳೆಗಾರನ ಮಗನೂ ರಾಜ್ಯದ ಮಂತ್ರಿಯೂ ಒಬ್ಬರೇ ಗುರುಗಳ ಶಿಷ್ಯರಾಗಿದ್ದರು ಎಂಬುದನ್ನು ನಮ್ಮ ಸಮಾಜ ಮರೆಯಬಾರದು. ಸಂಸ್ಕೃತ, ಪ್ರಾಕೃತ, ವ್ಯಾಕರಣಗಳಲ್ಲಿ ರನ್ನ ಪಾರಂಗತನಾದನು. ಚಾವುಂಡರಾಯನ ಆಸರೆಯೂ ದೊರೆಯಿತು.

ಹಾಗೆಂದು ಬಡತನವೇ ವಿದ್ಯೆ ತರುತ್ತದೆ ಎನ್ನಲಾಗದು. ಆದಿಕವಿ ಪಂಪ ಅನುಕೂಲಸ್ಥ ಮನೆತನದವನು. ದಾನಚಿಂತಾಮಣಿ ಅತ್ತಿಮಬ್ಬೆಯೂ ಸಿರಿವಂತ ದಂಡನಾಯಕರ ಮನೆಯಲ್ಲಿ ಬೆಳೆದವಳು. ಆಕೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ಮುದ್ರಣವಿಲ್ಲದ ಕಾಲದಲ್ಲಿ ಒಂದೊಂದು ಪ್ರತಿಯೂ ಓಲೆಗರಿಯ ಮೇಲೆ ಕೈಯಿಂದಲೇ ಆಗಬೇಕು. ಅದರ ಖರ್ಚನ್ನು ವ್ಯಾಪಾರ ಬಲ್ಲವರು ಊಹಿಸಬಹುದು. ಇದೇ ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ರನ್ನ ಅಜಿತಪುರಾಣ ರಚಿಸಿದನು.

ಸಾಮಂತರಿಂದ ಮಂಡಲೇಶ್ವರರಿಗೆ, ಅಲ್ಲಿಂದ ಚಾಲುಕ್ಯ ಚಕ್ರವರ್ತಿಯ ಆಸ್ಥಾನಕ್ಕೆ ಅವನು ಏರಿದನು. ತೈಲಪನಿಂದ ಕವಿಚಕ್ರವರ್ತಿ ಬಿರುದು ಬಂತು. ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಗದಾಯುದ್ಧ ಬರೆದನು. ಪರಶುರಾಮಚರಿತ, ಚಕ್ರೇಶ್ವರಚರಿತ ಎಂಬ ಇನ್ನೆರಡು ಕೃತಿಗಳು ನಮಗೆ ದೊರೆತಿಲ್ಲ. ಇಷ್ಟು ಎತ್ತರಕ್ಕೇರಿದ ಮೇಲೂ ಬಳೆಗಾರ ಕುಲವನ್ನು ಅವನು ಮುಚ್ಚಿಡಲಿಲ್ಲ. ತನ್ನ ಕಾವ್ಯದಲ್ಲೇ ಹೇಳಿಕೊಂಡಿದ್ದಾನೆ.

ಜಕ್ಕಿ, ಶಾಂತಿ ಅವನ ಪತ್ನಿಯರು. ಮಗನಿಗೆ ರಾಯ, ಮಗಳಿಗೆ ಅತ್ತಿಮಬ್ಬೆ ಎಂದು ಹೆಸರಿಟ್ಟನು. ಓದಿಸಿ, ಬರೆಯಿಸಿ ಕೈಹಿಡಿದ ಇಬ್ಬರ ಹೆಸರುಗಳೂ ಹೀಗೆ ಅವನ ಮನೆಯಲ್ಲಿ ಉಳಿದವು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ಕವಿರತ್ನ ಎಂಬ ಕೆತ್ತನೆಯಿದೆ. ಅದು ರನ್ನನದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಯಾತ್ರೆಗೆ ಹೋದವರು ಮಕ್ಕಳಿಗೆ ತೋರಿಸಬಹುದು.